ಹಿಂದಿನ ಬೆಂಚು

ಜೂನ್ ೧೨, ಗುರುವಾರ.

ಕಾರ್ಮಿಕ ಕಾನೂನು ಕಲಿಯಲು ಹೊಲಿಗೆ ಕಾರ್ಖಾನೆಯಿಂದ ಆರು ಜನ ಒಟ್ಟಿಗೆ ಆನ್‌ಲೈನ್ ತರಗತಿ ಸೇರಿದ್ದೆವು. ಇವತ್ತು ಗುಂಡಿ ಹಚ್ಚುವವಳೂ ಬಿಟ್ಟಳು, ಉಳಿದವಳು ನಾನೊಬ್ಬಳು. ಒಗ್ಗಟ್ಟೇ ಬಲ ಎಂದು ತರಗತಿಯವರು ಹಂಚಿದ ಕರಪತ್ರದಲ್ಲಿತ್ತು. ಒಬ್ಬಳೇ ಉಳಿದರೆ ಏನು ಮಾಡಬೇಕೆಂದು ಇರಲಿಲ್ಲ.

ನಾನೂ ಬಿಡುವ ಮನಸ್ಸಿನಿಂದಲೇ ಮೊಬೈಲಿನಲ್ಲಿ ಹದಿನಾಲ್ಕನೇ ಪಾಠದ ವಿಡಿಯೊ ಹಾಕಿದೆ. ಯಾವುದೋ ಕಾಲೇಜಿನಲ್ಲಿ ಎಂದೋ ಚಿತ್ರೀಕರಿಸಿದ್ದು. ನಡುವೆ ಮೇಷ್ಟ್ರು, "ಹಿಂದಿನ ಬೆಂಚಿನವರಿಗೆ ಕೇಳಿಸ್ತಿದೆಯಾ?" ಎಂದರು.

"ಕೇಳಿಸ್ತಿದೆ ಸರ್" ಎಂದುಬಿಟ್ಟೆ.

"ಯಾರ ಹತ್ರನೇ ಮಾತು?" ಅಡುಗೆಮನೆಯಿಂದ ಅತ್ತಿಗೆ.

"ಮೇಷ್ಟ್ರ ಹತ್ರ."

"ನಿಮ್ಮಣ್ಣನಿಗೂ ಒಂದಿಷ್ಟು ಬುದ್ಧಿ ಹೇಳೋಕೆ ಹೇಳು."

ಪಾಠ ಮುಗಿದಾಗ ಅಲ್ಲಿ ಬೆಂಚುಗಳು ಸರಿದವು. ಎಲ್ಲರೂ ಮಾತಾಡುತ್ತ ಹೊರಗೆ ಹೋದರು. ನಾನೂ ಎದ್ದು ನಿಂತೆ. ಜೊತೆಗೆ ಹೋಗಲು ಯಾರೂ ಇರಲಿಲ್ಲ. ಮತ್ತೆ ಕೂತು ಹದಿನೈದನೆಯದನ್ನು ಹಾಕಿದೆ. ಮೇಷ್ಟ್ರು ಇನ್ನೊಮ್ಮೆ ಕೇಳಿದರೆ ಹಿಂದಿನ ಬೆಂಚಿನಲ್ಲಿ ಒಬ್ಬರಾದರೂ ಇರಬೇಕಲ್ಲ.