ಎಚ್ಚರವಾಗಲು ಕಾಯುವ ಮದ್ದು

ಡೊಂಬಿವಲಿ ಪೂರ್ವ
ಭಾನುವಾರ, ೧೭ ಡಿಸೆಂಬರ್ ೨೦೧೭

ಅಮ್ಮಾ,

ಮೊದಲು ನಿನ್ನ ಸಿಟ್ಟಿಗೆ ನಮಸ್ಕಾರ, ಆಮೇಲೆ ನಿನಗೆ.

ದೀಪಾವಳಿಯ ಮರುದಿನ ಫೋನಿನಲ್ಲಿ ನೀನು ಕೇಳಿದೆ, ಅಪ್ಪನಿಗೆ ಬೇರೆ ಯಾರಾದರೂ ಇದ್ದಾರಾ ಎಂದು. ನಾನು ಗೊತ್ತಿಲ್ಲ ಎಂದೆ. ಮಗಳಾದವಳು ಇಲ್ಲ ಎನ್ನಬೇಕಿತ್ತು. ಆದರೆ ಆ ದಿನ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನೀನು ಫೋನು ಇಟ್ಟವಳು ಮತ್ತೆ ಎತ್ತಲೇ ಇಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲ, ಹರಿದು ಹಾಕಬಹುದು ಅಷ್ಟೆ. ದೊಡ್ಡಮ್ಮನ ಕೈಗೆ ಕೊಡಬೇಡ, ನೀನೇ ಓದು.

ಈಗ ಗೊತ್ತಾಗಿದೆ. ಯಾರೂ ಇಲ್ಲ. ನೀನು ಚೌತಿಗೆ ಮುನಿಸಿಕೊಂಡು ದೊಡ್ಡಮ್ಮನ ಮನೆಗೆ ಹೋಗುವ ಮೊದಲಿನ ಆರು ತಿಂಗಳು ಅಪ್ಪ ಮನೆಯ ಹೊರಗಿನ ಗ್ಯಾಲರಿಯಲ್ಲಿ ಮಲಗಿದ್ದು, ತನ್ನ ಬಟ್ಟೆ ನಿನಗೆ ಕೊಡದೆ ತಾನೇ ಒಗೆದದ್ದು, ನೀನು ಹತ್ತಿರ ಹೋದರೆ ಸಿಡುಕಿದ್ದು, ಯಾವುದಕ್ಕೂ ಹೆಂಗಸು ಕಾರಣವಲ್ಲ. ಕಾರಣ ಗಜಕರ್ಣ. ಸೊಂಟದಿಂದ ತೊಡೆಯವರೆಗೆ, ಎರಡೂ ಕಡೆ. ನಿನಗೆ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆ ಮಾತನ್ನು ಈಗ ಮುರಿಯುತ್ತಿದ್ದೇನೆ.

ನನಗೆ ಹೇಗೆ ತಿಳಿಯಿತು ಎಂಬುದನ್ನು ನನ್ನ ಕೆಲಸದಿಂದಲೇ ಹೇಳಬೇಕು. ನೀನು ಎಲ್ಲರ ಹತ್ತಿರವೂ ಅದನ್ನು ‘ಬಾಟಲಿ ತೊಳೆಯುವ ಕೆಲಸ’ ಎನ್ನುತ್ತೀಯಂತೆ. ಸರಿಯೇ, ಬಾಟಲಿಯನ್ನೇ ತೊಳೆಯುತ್ತೇನೆ. ಒಂಬತ್ತನೆಯಲ್ಲಿ ಶಾಲೆ ಬಿಟ್ಟವಳಿಗೆ ನೆರೂಳಿನ ಪ್ರಯೋಗಾಲಯದಲ್ಲಿ ಬೇರೇನು ಕೊಡುತ್ತಾರೆ? ಆದರೆ ಇದಕ್ಕೂ ಮೊದಲಿನ ಮೂರು ಕೆಲಸದಲ್ಲಿ ನಾನು ಎರಡು ತಿಂಗಳು ನಿಂತವಳಲ್ಲ. ಇಲ್ಲಿ ಒಂಬತ್ತು ತಿಂಗಳಾಯಿತು. ಯಾಕೆಂದರೆ ಇಲ್ಲಿ ಪ್ರಶ್ನೆ ಕೇಳಿದರೆ ಯಾರೂ ಬಯ್ಯುವುದಿಲ್ಲ.

ವನಮಾಲಾ ಮೇಡಂ ಅಲ್ಲಿನ ಮುಖ್ಯಸ್ಥೆ, ಧಾರವಾಡದ ಕಡೆಯವರು. ಅವರು ಮಾಡುತ್ತಿರುವುದು ಇದೇ ಗಜಕರ್ಣಕ್ಕೆ ಮದ್ದು. ಪಾವ್ ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದೊಂದು ಜೀವ. ಪ್ರತಿ ಜೀವದೊಳಗೂ ಏನೇನು ತಯಾರಿಸಬೇಕು ಎಂಬ ಬರಹ ಇರುತ್ತದಂತೆ. ಮೇಡಂ ಆ ಬರಹಕ್ಕೆ ತಾವೇ ರಚಿಸಿದ ಒಂದು ಸಾಲನ್ನು ಸೇರಿಸಿದ್ದಾರೆ. ಈಗ ಆ ಯೀಸ್ಟ್ ತನ್ನ ಪಾಡಿಗೆ ಬೆಳೆಯುತ್ತಾ ನಮಗೆ ಬೇಕಾದ ಮದ್ದನ್ನು ಮಾಡಿಕೊಡುತ್ತದೆ. ಆದರೆ ಆ ಮದ್ದಿನ ಬಾಯಿ ಕಟ್ಟಿರುತ್ತದೆ, ಅದು ನಿದ್ದೆಯಲ್ಲಿರುತ್ತದೆ. ಗಜಕರ್ಣ ಬರುವುದು ಒಂದು ಬೂಷ್ಟಿನಿಂದ, ಅದು ನಮ್ಮ ಚರ್ಮ ತಿನ್ನಲು ಒಂದು ಕತ್ತರಿಯಂಥದ್ದನ್ನು ಬಳಸುತ್ತದೆ. ಆ ಕತ್ತರಿ ತಾಗಿದರೆ ಮಾತ್ರ ಮದ್ದಿನ ಕಟ್ಟು ಬಿಚ್ಚಿ ಅದಕ್ಕೆ ಎಚ್ಚರವಾಗುತ್ತದೆ. ಬೂಷ್ಟು ಇಲ್ಲದ ಕಡೆ ಅದು ಮಲಗಿಯೇ ಇರುತ್ತದೆ, ಒಳ್ಳೆಯ ಚರ್ಮವನ್ನು ಮುಟ್ಟುವುದಿಲ್ಲ. ಮೇಡಂ ಆರು ವರ್ಷದಿಂದ ಇದರ ಹಿಂದೆಯೇ ಇದ್ದಾರೆ. ಕೇಳಿದ ದಿನ ನಾನು ಬಾಟಲಿ ತೊಳೆಯುವುದನ್ನು ಮರೆತು ನಿಂತಿದ್ದೆ.

ಮದ್ದು ಪರೀಕ್ಷಿಸಲು ನಿಜವಾದ ಜನರ ಮೈಮೇಲಿನ ಬೂಷ್ಟು ಬೇಕಿತ್ತು. ಬೆವರಿನ ಕೆಲಸ ಮಾಡುವವರು ಯಾರಾದರೂ ಗೊತ್ತಾ ಎಂದು ಮೇಡಂ ಕೇಳಿದರು. ನನಗೆ ಹೋಟೆಲಿನ ಅಡುಗೆಮನೆಯಲ್ಲದೆ ಬೇರೇನು ಗೊತ್ತು? ಅಕ್ಟೋಬರದ ಕೊನೆಯಲ್ಲಿ ಒಂದು ಮಧ್ಯಾಹ್ನ ಅವರನ್ನು ಅಪ್ಪ ಅಡುಗೆ ಮಾಡುವ ಹೋಟೆಲಿಗೇ ಕರೆದುಕೊಂಡು ಹೋದೆ. ಅಪ್ಪ ದೋಸೆಕಲ್ಲಿನ ಮುಂದೆ ನಿಂತಿದ್ದರು. ವಿಷಯ ಕೇಳಿದವರೇ ಸಟ್ಟುಗವನ್ನು ನನ್ನ ಕಡೆ ತೋರಿಸಿ, “ನಿನ್ನ ಮೇಡಂಗೆ ದೋಸೆ ಬೇಕಾದರೆ ಹೊರಗೆ ಕೂತ್ಕೊಳ್ಳಲಿ. ಇದೇನು ಆಸ್ಪತ್ರೆಯಾ ಮಾರಾಯ್ತಿ?” ಎಂದರು.

ಆದರೆ ಉಳಿದವರು ಮುಂದೆ ಬಂದರು. ಮೊದಲು ಬಂದವನು ತರಕಾರಿ ಹೆಚ್ಚುವ ಅಂಬಾರಾಯ, ಕಲಬುರಗಿಯವನು. ಮೇಡಂ ಅವನ ಕುತ್ತಿಗೆಯ ಕಲೆಯನ್ನು ಮೊಂಡು ಅಲಗಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಕರಿ ಕಾಗದದಲ್ಲಿ ಮಡಚಿಡುವಾಗ ಅವನು, “ಏನ್ರಿ ಮೇಡಂ, ನನ್ನ ತುರಿಕಿ ಕಾಲೇಜಿಗೆ ಹೊಂಟೈತಲ್ರಿ! ನಾನಂತೂ ಹೋಗಲಿಲ್ಲ, ಅದಾದ್ರೂ ಕಲೀಲಿ” ಎಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಎಂಟು ಜನರಲ್ಲಿ ಆರು ಜನರಿಗೆ ಗಜಕರ್ಣವಿತ್ತು. ಅವರು ಮಲಗುವ ಮಾಳಿಗೆಯ ಕೋಣೆಯಲ್ಲಿ ಒಂದೇ ಹಗ್ಗದ ಮೇಲೆ ಎಲ್ಲರ ಬೈರಾಸು ಒಣಗುತ್ತದೆ, ಕೈಗೆ ಸಿಕ್ಕಿದ್ದರಲ್ಲಿ ಮೈ ಒರೆಸಿಕೊಳ್ಳುತ್ತಾರೆ. ಏನು ಹಚ್ಚುತ್ತೀರಿ ಎಂದು ಮೇಡಂ ಕೇಳಿದಾಗ ಅಂಬಾರಾಯ ಸಾಸಿವೆ ಡಬ್ಬಿಯ ಹಿಂದಿನಿಂದ ಒಂದು ಟ್ಯೂಬು ತೆಗೆದುಕೊಟ್ಟ. ಆರು ಜನರಿಗೂ ಅದೊಂದೇ. “ಜಯಶೀಲಣ್ಣ ತಂದಿದ್ದು ರೀ, ಹಚ್ಚಿದ ಕೂಡಲೇ ಆರಾಮ” ಎಂದ, ಅಪ್ಪನ ಕಡೆ ಕೈ ತೋರಿಸುತ್ತಾ. ಮೇಡಂ ಅದರ ಮೇಲಿದ್ದ ಸಣ್ಣ ಅಕ್ಷರ ಓದಿ ಹೆಸರು ಬರೆದುಕೊಂಡರು. ವಾಪಸು ಬರುವಾಗ ಹೇಳಿದರು: ಅದರಲ್ಲಿ ಸ್ಟಿರಾಯ್ಡ್ ಇದೆ. ತುರಿಕೆ ನಿಲ್ಲುತ್ತದೆ, ಕೆಂಪು ಹೋಗುತ್ತದೆ, ಗುಣವಾಯಿತು ಎನಿಸುತ್ತದೆ. ಒಳಗೆ ಬೂಷ್ಟು ಹಾಯಾಗಿ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಸೀಳುತ್ತದೆ.

ಅಪ್ಪ ಯಾಕೆ ಟ್ಯೂಬು ತಂದರು ಎಂದು ನಾನು ಲೋಕಲ್ ಟ್ರೇನಿನಲ್ಲಿ ಯೋಚಿಸಿದೆ. ಮನೆಗೆ ಬಂದು ಕೇಳಿಯೇ ಬಿಟ್ಟೆ. ಅವರು ಬಹಳ ಹೊತ್ತು ಟಿವಿ ನೋಡಿದರು. ಆಮೇಲೆ ಎದ್ದು ಲುಂಗಿಯನ್ನು ಸೊಂಟದಿಂದ ಸ್ವಲ್ಪ ಸರಿಸಿದರು. ಅಮ್ಮಾ, ಆ ಚರ್ಮ ನೀರು ದೋಸೆಯಷ್ಟು ತೆಳ್ಳಗಾಗಿದೆ. ಅದರ ಮೇಲೆ ನೇರಳೆ ಬಣ್ಣದ ಉದ್ದುದ್ದ ಗೀರುಗಳು. ಎರಡು ವರ್ಷದಿಂದ ಹಚ್ಚುತ್ತಿದ್ದಾರೆ. ನಿನಗೆ ಅಂಟಬಾರದೆಂದು ಗ್ಯಾಲರಿ, ನಿನಗೆ ಕಾಣಬಾರದೆಂದು ಬೇರೆ ಬಕೀಟು. ಹೇಳಬಹುದಿತ್ತಲ್ಲ ಎಂದೆ. “ಹೇಗೆ ಹೇಳುವುದು ಮಗಾ, ಅಡುಗೆ ಮಾಡುವವನ ಮೈ ಇದು” ಎಂದರು.

ಮುಂದಿನದನ್ನು ನಿನಗೆ ಹೇಳದಿದ್ದರೂ ನಡೆಯುತ್ತಿತ್ತು. ಆದರೂ ಹೇಳುತ್ತೇನೆ. ನಾನು ಕದ್ದೆ. ಮರುದಿನ ತಣ್ಣನೆಯ ಪೆಟ್ಟಿಗೆಯಿಂದ ಮೇಡಂ ಮಾಡಿದ ಮದ್ದಿನ ಒಂದು ಸಣ್ಣ ಸೀಸೆ ತೆಗೆದು, ಟಿಫಿನ್ ಡಬ್ಬಿಯಲ್ಲಿ ಐಸಿನ ನಡುವೆ ಇಟ್ಟುಕೊಂಡು ಥಾಣೆಯಲ್ಲಿ ಲೋಕಲ್ ಬದಲಿಸಿ ಮನೆಗೆ ತಂದೆ. ಅಪ್ಪ ಸ್ನಾನ ಮಾಡಿ ಸ್ಟೂಲಿನ ಮೇಲೆ ಕುಳಿತರು. ನಾನು ಹತ್ತಿ ಅದ್ದಿದೆ. ಆದರೆ ಹೇಳದೆ ಹಚ್ಚಲು ನನ್ನಿಂದಾಗಲಿಲ್ಲ.

“ಅಪ್ಪಾ, ಇದು ಕದ್ದದ್ದು. ತಟ್ಟೆಯಲ್ಲಿ ಬೆಳೆದ ಬೂಷ್ಟಿನ ಮೇಲೆ ಹಾಕಿ ನೋಡಿದ್ದಾರೆ, ಇಲ್ಲಿಯವರೆಗೆ ಒಬ್ಬ ಮನುಷ್ಯನ ಮೈಗೂ ಹಚ್ಚಿಲ್ಲ. ಸೀಳಿದ ಚರ್ಮದೊಳಗೆ ಹೋದರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ” ಎಂದೆ.

“ಎರಡು ವರ್ಷದಲ್ಲಿ ಟ್ಯೂಬು ಕೊಡುವ ಆ ಮೆಡಿಕಲ್‌ನವ ಒಂದು ದಿನವೂ ನನಗೆ ಇಷ್ಟು ಹೇಳಲಿಲ್ಲ. ಹಚ್ಚು” ಎಂದರು.

ಹಚ್ಚಲಿಲ್ಲ. ಅವರು ಕೇಳಿಕೊಂಡರು, ಬೈದರು, ಕೊನೆಗೆ ಲುಂಗಿ ಸರಿಮಾಡಿಕೊಂಡು ಮುಖ ತಿರುಗಿಸಿದರು. ಸ್ವಂತ ಅಪ್ಪನ ತುರಿಕೆ ನೋಡುತ್ತಾ ಮದ್ದಿನ ಮುಚ್ಚಳ ಹಾಕುವುದು ಹೇಗಿರುತ್ತದೆಂದು ಬರೆಯಲು ನನಗೆ ಬರುವುದಿಲ್ಲ.

ಬೆಳಿಗ್ಗೆ ಸೀಸೆಯನ್ನು ಮೇಡಂ ಮೇಜಿನ ಮೇಲೆ ಇಟ್ಟು ಎಲ್ಲ ಹೇಳಿದೆ. ಅವರು ಎದ್ದು ನಿಂತರು. “ನಿಮ್ಮಪ್ಪನ ಮೈ ಅಂದ್ರ ನಮ್ಮ ತಟ್ಟಿ ಏನವಾ? ಏನರ ಆಗಿದ್ರ? ಇದು ಹೆಚ್ಚು ಸುರಕ್ಷಿತ ಆಗಲಿ ಅಂತನ ಆರು ವರ್ಷ ಕುಂತೀವಿ. ಅವಸರ ಮಾಡಿದ್ರ ಆ ಟ್ಯೂಬಿಗೂ ಇದಕ್ಕೂ ಏನ್ ಫರಕ್?” ಎಂದರು. ಎರಡು ತಿಂಗಳು ತಣ್ಣನೆಯ ಪೆಟ್ಟಿಗೆಯ ಬೀಗದ ಕೈ ನನಗಿಲ್ಲ. ಕೆಲಸ ಉಳಿಯಿತು. ಅದೇ ಸಂಜೆ ಕಲ್ಯಾಣದ ಒಬ್ಬ ಚರ್ಮದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ಡಾಕ್ಟರು ಮೊದಲು ಟ್ಯೂಬು ನಿಲ್ಲಿಸಿದರು. ಗಜಕರ್ಣಕ್ಕೆ ಮೊದಲಿನಿಂದ ಕೊಡುವ ಹಳೆಯ ಮಾತ್ರೆಯನ್ನೇ ಕೊಟ್ಟರು, ಮೂರು ತಿಂಗಳು. ಟ್ಯೂಬು ನಿಲ್ಲಿಸಿದ ವಾರಕ್ಕೆ ಅಪ್ಪನ ಮೈ ಬೆಂಕಿಯಾಯಿತು. ಕುಳಿತುಕೊಳ್ಳಲು ಆಗದೆ ನಿಂತೇ ಊಟ ಮಾಡಿದರು. ಆಗ ಅವರೇ ಹೋಟೆಲಿನ ಯಜಮಾನರಿಗೆ ನಿಜ ಹೇಳಿದರು. ಕೆಲಸ ಹೋಗುತ್ತದೆಂದು ಇಬ್ಬರೂ ಅಂದುಕೊಂಡಿದ್ದೆವು. ಯಜಮಾನ ಕಮಲಾಕ್ಷಣ್ಣ ಗಲ್ಲಾ ಮುಚ್ಚಿ, “ನನಗೂ ಉಂಟು ಮಾರಾಯ. ಆ ಡಾಕ್ಟರ ನಂಬರು ಕೊಡು” ಎಂದರಂತೆ. ಈಗ ಮಾಳಿಗೆಯಲ್ಲಿ ಬೈರಾಸು ಹಾಕಲು ಒಬ್ಬೊಬ್ಬರಿಗೆ ಒಂದೊಂದು ಗೂಟ.

ಟ್ಯೂಬು ನಿಲ್ಲಿಸಿದ ಮೇಲೆ ಅಪ್ಪ ನೆರೂಳಿಗೆ ತಾವಾಗಿಯೇ ಬಂದು ಕೆರೆಸಿಕೊಂಡರು. ಅವರ ಬೂಷ್ಟು ತಟ್ಟೆಯಲ್ಲಿ ಬೆಳೆಯಲು ಎರಡು ವಾರ ಬೇಕಾಯಿತು, ಬಿಳಿ ಹತ್ತಿಯ ಹಾಗೆ. ಮೊನ್ನೆ ಅದರ ನಡುವೆ ಮೇಡಂ ಆ ಮದ್ದು ಹಾಕಿದ್ದರು. ಇವತ್ತು ರಜೆಯಾದರೂ ಹೋಗಿ ನೋಡಿ ಬಂದೆ. ಮದ್ದಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗ ಖಾಲಿ. ಬೂಷ್ಟು ತಾನೇ ಅದನ್ನು ಎಬ್ಬಿಸಿ ತಾನೇ ಸತ್ತಿದೆ. ಅಂಗಡಿಗೆ ಯಾವಾಗ ಬರುತ್ತದೆಂದು ಕೇಳಿದೆ. ಹತ್ತು ವರ್ಷ ಆಗಬಹುದು, ಬಾರದೆಯೂ ಇರಬಹುದು ಎಂದರು ಮೇಡಂ. ನನಗೆ ಬೇಸರವಾಗಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ.

ನಾನೂ ನಿನಗೆ ಹಾಗೆಯೇ ಹೇಳುತ್ತೇನೆ. ಅಪ್ಪನಿಗೆ ಪೂರ್ತಿ ಗುಣವಾಗಿಲ್ಲ. ಗೀರುಗಳು ಹೋಗುವುದಿಲ್ಲವಂತೆ. ನೀನು ಬಂದರೆ ಇನ್ನೂ ಕೆಲವು ವಾರ ಬಟ್ಟೆ ಬೇರೆ, ಹಾಸಿಗೆ ಬೇರೆ. ಬಾ ಎಂದು ಅವರು ಹೇಳಿಲ್ಲ, ಕಾಗದ ಬರೆಯುತ್ತಿರುವುದೂ ಗೊತ್ತಿಲ್ಲ. ಆದರೆ ಮೊನ್ನೆ ಡಾಕ್ಟರು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದಾಗ ಮೂವರು ಎಂದರು. ನಾನು ತಿದ್ದಲಿಲ್ಲ.

ನಿನ್ನ,
ಮಾನಸಿ

ವಿ.ಸೂ.: ಮೊದಲ ಟ್ಯೂಬು ಎಲ್ಲಿಂದ ಬಂತು ಎಂದು ಡಾಕ್ಟರು ಕೇಳಿದರು. ಅಪ್ಪ ಮೆಡಿಕಲ್‌ನಿಂದ ಎಂದರು. ಹೊರಗೆ ಬಂದ ಮೇಲೆ ನಾನು ಬಿಡದೆ ಕೇಳಿದೆ. ಅದು ನಮ್ಮ ಕನ್ನಡಿಯ ಹಿಂದೆ ಇದ್ದದ್ದು, ನೀನು ಮುಖದ ಕಪ್ಪು ಬಂಗು ಹೋಗಲೆಂದು ಹಚ್ಚುವುದು. ಅದೊಂದೇ ಮಾತನ್ನು ಅವಳಿಗೆ ಸಾಯುವವರೆಗೂ ಹೇಳಬೇಡ, ಅವಳು ತನ್ನಿಂದಲೇ ಆಯಿತು ಅಂದುಕೊಳ್ಳುತ್ತಾಳೆ ಎಂದು ನನ್ನ ಕೈ ಹಿಡಿದುಕೊಂಡರು. ಮುಚ್ಚಿಡಬಹುದಿತ್ತು. ಆದರೆ ನೀನು ಅಲ್ಲಿ ಈಗಲೂ ದಿನಾ ಹಚ್ಚುತ್ತಿರಬಹುದು. ಹಚ್ಚದ ದಿನ, ಬಿಸಿಲಿಗೆ ಹೋದಾಗ ಮುಖ ಉರಿಯುತ್ತಿದ್ದರೆ ಅದು ಬಿಸಿಲಿನ ತಪ್ಪಲ್ಲ. ತಟ್ಟನೆ ನಿಲ್ಲಿಸಬೇಡ, ಮೊದಲು ಉಡುಪಿಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸು. ಟ್ಯೂಬನ್ನೂ ತೆಗೆದುಕೊಂಡು ಹೋಗು.