ಮುಟ್ಟದ ಚಹಾ

ಅಕ್ಟೋಬರ್ 6

ಲಿಫ್ಟ್ ಮತ್ತೆ ಕೆಟ್ಟಿದೆ. ಕೆಳಗಿಳಿದ ಮೇಲೆ ಕನ್ನಡಕ ನೆನಪಾಯಿತು. ಏದುಸಿರು ಬಿಡುತ್ತ ಹತ್ತಿ ಬಂದರೆ ಹೆಂಡತಿ ಆರ್ಪಿಕ್ ಅದನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ನಿಮ್ಮಂಥವರನ್ನ ಪರದೇಶಕ್ಕೆ ಕಳಿಸಿದ್ರೆ ಆರ್ಮೇನಿಯಾದ ಗತಿ ಏನ್ರೀ?" ಎಂದಳು. ನಕ್ಕೆ. ಒಳಗೆ ಚುರುಕ್ ಎಂದಿತು.

ಯಾಕೆಂದರೆ ಕಳಿಸುತ್ತಾರೋ ಇಲ್ಲವೋ ಅದೇ ಗೊತ್ತಿಲ್ಲ. ವಿದೇಶಾಂಗ ಖಾತೆಯ ಆಫೀಸಿನಲ್ಲಿ ವಾರ್ದ್ಗೆಸ್ ಕರೆಸಿದ್ದ. ಒಂದು ಕಾಲಕ್ಕೆ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನು, ಈಗ ನನ್ನ ಮೇಲಧಿಕಾರಿ. "ಮೇಷ್ಟ್ರೇ, ಎರ್ಬಿಲ್ ಪೋಸ್ಟಿಗೆ ನಿಮ್ಮ ಹೆಸರೇ ಮೇಲಿದೆ. ಆದ್ರೆ ಅಲ್ಲಿಯವರು ಹೂಂ ಅನ್ನಬೇಕಲ್ಲ" ಎಂದ. ಮುಂದಿನದನ್ನು ಹೇಳದೆ ಫೈಲು ತಿರುವಿದ.

ಡಮಾಸ್ಕಸ್ಸಿನಲ್ಲಿ ಸೋವಿಯತ್ತರ ದುಭಾಷಿ. ಬಾಗ್ದಾದಿನಲ್ಲಿ ಕಾರ್ಯದರ್ಶಿ. ಆರ್ಮೇನಿಯಾಕ್ಕೆ ಸ್ವಾತಂತ್ರ್ಯ ಬಂದ ಮೇಲೆ, ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ, ಯೆರೆವಾನಿನ ಆಫೀಸಿನಲ್ಲಿ ಓವರ್‌ಕೋಟು ಹಾಕಿಕೊಂಡೇ ಟಿಪ್ಪಣಿ ಬರೆದದ್ದು. ಎಲ್ಲಾ ಆಯಿತು. ಆದರೆ ಯಾವ ಕುರ್ದ್ ಜನರ ಚರಿತ್ರೆಗೆ ಜೀವ ಸವೆಸಿದೆನೋ ಅವರ ನಡುವೆ ಒಂದು ಹುದ್ದೆ ಸಿಗಲಿಲ್ಲ. ಮುಂದಿನ ವರ್ಷ ರಿಟೈರ್. ಇರಾಕಿನ ಕುರ್ದರ ರಾಜಧಾನಿ ಎರ್ಬಿಲ್, ಇದು ಕೊನೆಯ ಬಸ್ಸು. ಬೇಕು ನನಗೆ ಇದು, ನಾಚಿಕೆ ಬಿಟ್ಟು ಬೇಕು.

ಅಕ್ಟೋಬರ್ 9

ನನ್ನ ಪುಸ್ತಕದ ಪ್ರೂಫ್ ಬಂದಿದೆ. ಸೂರಿಕಾನ್ ಎಂಬ ಕುರ್ದ್ ಕುಲದ ಚರಿತ್ರೆ. ಕೊನೆಯ ಅಧ್ಯಾಯ ಮಾತ್ರ ತೆರೆಯಲು ಕೈ ಬರುತ್ತಿಲ್ಲ... 1915ರ ವಸಂತ, ತುರ್ಕರ ನಾಡಿನಲ್ಲಿ ಆರ್ಮೇನಿಯನ್ನರ ಕಗ್ಗೊಲೆಯ ವರ್ಷ. ಯೆಘ್ಸಾ ಅಜ್ಜಿಯ ಹಳ್ಳಿ. ಅವಳ ಇಬ್ಬರು ಅಣ್ಣಂದಿರನ್ನು ಬಾವಿಗೆ ತಳ್ಳಿಸಿದ ಆಗಾ ಯಾರು ಎಂಬುದು ಅಲ್ಲಿದೆ. ಮಿಸ್ತೋ ಆಗಾ. ಸೂರಿಕಾನರ ಮುಖ್ಯಸ್ಥ.

ಲವಾಶ್ ರೊಟ್ಟಿ ಲಟ್ಟಿಸುವಾಗ ಅಜ್ಜಿ ಒಂದೇ ಮಾತು ಹೇಳುತ್ತಿದ್ದಳು. "ಅಳಬೇಡ ಕಂದ. ಅತ್ತರೆ ಮರೆತುಹೋಗುತ್ತೆ. ಹೆಸರು ನೆನಪಿಟ್ಕೋ, ಸಾಕು." ಹಿಟ್ಟಿನ ಕೈಯಲ್ಲೇ ಗಲ್ಲ ಹಿಡಿದು ಹೆಸರು ಹೇಳಿಸುತ್ತಿದ್ದಳು. ಬೇರೆ ಮಕ್ಕಳು ಪದ್ಯ ಕಲಿತರು, ನಾನು ಇದನ್ನು ಕಲಿತೆ. ಆ ಹೆಸರಿನವರು ಯಾರು, ಎಂಥವರು ಎಂದು ಹುಡುಕುತ್ತ ಹೋಗಿಯೇ ಕುರ್ದ್ ಭಾಷೆ ಕಲಿತದ್ದು. ಕಲಿತು ಅವರ ಹಾಡಿಗೆ, ಹಟಕ್ಕೆ, ನಗುವಿಗೆ ಸೋತುಹೋದದ್ದು. ಇದನ್ನು ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಗೆಳೆಯ ಉಸುಬನಿಗೆ ಬಿಟ್ಟು.

ಅಕ್ಟೋಬರ್ 15

ವಾರ್ದ್ಗೆಸ್ ಇವತ್ತು ಬಾಯಿ ಬಿಟ್ಟ. ಬೇಸಿಗೆಯಲ್ಲಿ ಸಮ್ಮೇಳನದಲ್ಲಿ ಕೊನೆಯ ಅಧ್ಯಾಯ ಓದಿದ್ದೆನಲ್ಲ, ಸುದ್ದಿ ಗಡಿ ದಾಟಿದೆ. ಮಿಸ್ತೋ ಆಗಾ ಮುಂದೆ ತುರ್ಕರ ಮೇಲೆ ದಂಗೆಯೆದ್ದು ದಕ್ಷಿಣಕ್ಕೆ, ಇರಾಕಿಗೆ ಓಡಿದವನು. ಅವನ ಮೊಮ್ಮಗ ಸೆರ್ಬೆಸ್ತ್ ಆಗಾ ಈಗ ಎರ್ಬಿಲ್ಲಿನಲ್ಲಿ ದೊಡ್ಡ ಕುಳ. ಅವನು ಬೇಡ ಎಂದರೆ ನನ್ನ ಪೋಸ್ಟಿಂಗ್ ಇಲ್ಲ. "ಬರ್ತಿದ್ದಾನೆ ಮೇಷ್ಟ್ರೇ. ನಿಮ್ಮ ಮನೆಗೇ ಬರ್ತಾನಂತೆ. ಸ್ವಲ್ಪ ನೋಡ್ಕೊಳ್ಳಿ."

ನೋಡಿಕೊಳ್ಳುವುದು ಎಂದರೇನು? ಅಜ್ಜನ ಹೆಸರು ತೆಗೆಯಿರಿ ಎಂದು ಕೇಳಲೇ ಬರುತ್ತಿರಬೇಕು. ದಾರಿಯುದ್ದಕ್ಕೂ 'ಇಲ್ಲ' ಎನ್ನುವುದನ್ನು ಕುರ್ದಿಯಲ್ಲಿ ಮರ್ಯಾದೆಯಿಂದ ಹೇಗೆ ಹೇಳುವುದೆಂದು ಅಭ್ಯಾಸ ಮಾಡಿದೆ. ಹುದ್ದೆ ಹೋದರೆ ಹೋಗಲಿ, ಹೆಸರು ತೆಗೆಯುವುದಿಲ್ಲ. ತೀರ್ಮಾನ.

ಅಕ್ಟೋಬರ್ 19, ಸಂಜೆ

ಬರೆದುಬಿಡುತ್ತೇನೆ.

ಸೆರ್ಬೆಸ್ತ್ ಒಬ್ಬನೇ ಬಂದ. ನನ್ನದೇ ವಯಸ್ಸು, ದಪ್ಪ ಮೀಸೆ, ಮೆತ್ತನೆ ಮಾತು. ಉಸುಬನನ್ನೂ ಕರೆಸಿದ್ದೆ. ಯೆರೆವಾನ್ ರೇಡಿಯೋದಲ್ಲಿ ಕುರ್ದ್ ವಾರ್ತೆ ಓದಿ ಓದಿ ಮುದುಕನಾದ ಯಜೀದಿ, ಕುರ್ದ್ ಮಾತೇ ಅವನ ಮನೆಮಾತು. ನನಗೆ ಭಾಷೆ ಕಲಿಸಿದವನು. ಅವನ ಮಗನ ಸುನ್ನತಿ ನನ್ನ ಮಡಿಲಲ್ಲಿ ಆಯಿತು, ಅಂದಿನಿಂದ ಅಣ್ಣತಮ್ಮಂದಿರಿಗಿಂತ ಹೆಚ್ಚು. ಆ ನಂಟಿಗೆ ಕಿರ್ವಾ ಎನ್ನುತ್ತಾರೆ, ನನಗೆ ಅವನು ಕಿರ್ವಾ, ಅವನಿಗೆ ನಾನು.

ಆರ್ಪಿಕ್ ಚಹಾ ತಂದಿಟ್ಟಳು, ಜೊತೆಗೆ ಏಪ್ರಿಕಾಟ್ ಮುರಬ್ಬ. ಸೆರ್ಬೆಸ್ತ್ ಲೋಟ ಮುಟ್ಟಲಿಲ್ಲ.

"ಪ್ರೊಫೆಸರ್ ಸಾಹೇಬ್ರೇ, ಪುಸ್ತಕ ಬೇಡ ಅಂತ ನಾನು ಹೇಳಲ್ಲ. ನಮ್ಮ ಚರಿತ್ರೆ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಒಂದು ಹೆಸರು ಮಾತ್ರ ತೆಗೀರಿ. 'ಒಬ್ಬ ಆಗಾ' ಅಂತ ಬರೀರಿ. ನಮ್ಮ ಹುಡುಗ್ರು ಜರ್ಮನೀಲಿ ಓದ್ತಿದ್ದಾರೆ, ತಲೆ ಎತ್ಕೊಂಡು ಓಡಾಡಬೇಕು."

"ಸೆರ್ಬೆಸ್ತ್ ಆಗಾ, ನಮ್ಮ ಅಜ್ಜಿಗೂ ತಲೆ ಇತ್ತು" ಎಂದು ಶುರುಮಾಡಿದೆ. ಚೆನ್ನಾಗೇ ಹೋಗುತ್ತಿತ್ತು. ಅಷ್ಟರಲ್ಲಿ ಆರ್ಪಿಕ್ ಬಿಸಿ ಗಾತಾ ಸಿಹಿರೊಟ್ಟಿ ಹಿಡಿದು ಬಂದವಳು ತುಂಬಿದ ಲೋಟ ನೋಡಿ ಸಿಡಿದಳು. "ಏನ್ರೀ ಇದು? ಮನೆಗೆ ಬಂದವರ ಚಹಾ ಐಸ್ ಆಗಿದೆ, ನೀವು ಭಾಷಣ ಮಾಡ್ತಿದ್ದೀರಿ! ನಿಮ್ಮಮ್ಮ ಇದ್ದಿದ್ರೆ ಕಿವಿ ಹಿಂಡ್ತಿದ್ರು."

ನಾಚಿಕೆಯಾಯಿತು. ಯಾವ ಆರ್ಮೇನಿಯನ್ನನಾದರೂ ಮಾಡುವುದನ್ನೇ ಮಾಡಿದೆ. ಎದ್ದೆ, ಅವನ ಲೋಟ ಎತ್ತಿ ಕೈಗಿಟ್ಟೆ. "ಕುಡೀರಿ, ಕುಡೀರಿ."

ಸೆರ್ಬೆಸ್ತ್ ನನ್ನನ್ನೇ ನೋಡಿದ. ಎದೆಯ ಮೇಲೆ ಕೈಯಿಟ್ಟು ಎದ್ದುನಿಂತ. ಒಂದೇ ಗುಟುಕಿಗೆ ಕುಡಿದು ನನ್ನ ಹೆಗಲಿಗೆ ಮುತ್ತಿಟ್ಟ. ಕಣ್ಣಲ್ಲಿ ನೀರು. ಉಸುಬನ ಮುಖ ಬಿಳಿಚಿತ್ತು. ಆಗ ಹೊಳೆಯಿತು.

ಕುರ್ದರಲ್ಲಿ ಬೇಡಿಕೆ ಇಟ್ಟುಕೊಂಡು ಬಂದವನು ಆ ಮನೆಯ ಚಹಾ ಮುಟ್ಟುವುದಿಲ್ಲ. ಮನೆಯವರು ತಾವಾಗಿ ಎತ್ತಿ ಕೈಗಿತ್ತರೆ ಕೊಟ್ಟೆ ಎಂದರ್ಥ. ಆಮೇಲೆ ಹಿಂದಕ್ಕೆ ತೆಗೆಯುವಂತಿಲ್ಲ. ನಾನೇ ಬರೆದಿದ್ದೇನೆ ಇದನ್ನು, ಅಡಿಟಿಪ್ಪಣಿ ಸಮೇತ!

ಅಕ್ಟೋಬರ್ 20

ಉಸುಬ್ ಬಂದಿದ್ದ. ಮೊದಲು ಹೊಟ್ಟೆ ಹಿಡಿದು ನಕ್ಕ. "ಅಲ್ಲಯ್ಯಾ ಕಿರ್ವಾ, ನಿನ್ನ ಪುಸ್ತಕ ನೀನೇ ಓದಿಲ್ವಾ?" ಆಮೇಲೆ ನನ್ನ ಮುಖ ನೋಡಿ ಪಕ್ಕ ಬಂದು ಕೂತ.

"ಗೊತ್ತಿಲ್ದೆ ಆಯ್ತು ಅಂತ ಫೋನ್ ಮಾಡಿ ಹೇಳಲಾ?" ಎಂದೆ.

"ಬೇರೆ ಯಾರಾದ್ರೂ ಹೇಳಬಹುದಿತ್ತು. ನೀನು ಹೇಳಿದ್ರೆ ಕತ್ತೆಗಳೂ ನಗ್ತವೆ. ನಮ್ಮ ಪದ್ಧತಿ ಕಲಿಯೋಕೆ ನಮ್ಮ ಹುಡುಗ್ರೇ ನಿನ್ನ ಹತ್ರ ಬರ್ತಾರೆ."

ಆರ್ಪಿಕ್‌ಗೆ ವಿಷಯ ತಿಳಿದು ಬೆಳಗಿನಿಂದ ಅಡುಗೆಮನೆ ಬಿಟ್ಟು ಹೊರಬಂದಿಲ್ಲ. ಅವಳ ತಪ್ಪೇನಿದೆ? ಹಾಗೆಂದು ಹೇಳಬೇಕಿತ್ತು.

ನವೆಂಬರ್ 28

ಪೋಸ್ಟಿಂಗ್ ಆರ್ಡರ್ ಬಂತು. ವಾರ್ದ್ಗೆಸ್ ಕಾನ್ಯಾಕ್ ಬಾಟಲಿ ತೆಗೆದ. "ಏನು ಮಂತ್ರ ಹಾಕಿದ್ರಿ ಮೇಷ್ಟ್ರೇ? ಸೆರ್ಬೆಸ್ತ್ ನಿಮ್ಮನ್ನ ಹೊಗಳಿ ಕಾಗದ ಬರೆದಿದ್ದಾನೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವಮಾನವೆಲ್ಲ ಕಾದ ದಿನ. ಲೋಟ ಹಾಗೇ ಬಿಟ್ಟು ಕೋಟು ಎತ್ತಿಕೊಂಡೆ.

ಮನೆಗೆ ಬಂದು ಪ್ರೂಫ್ ತೆರೆದೆ. ಹೆಸರು ಬಂದಲ್ಲೆಲ್ಲ ಗೆರೆ ಎಳೆದೆ. 'ಒಬ್ಬ ಆಗಾ.' 'ಆ ಆಗಾ.' ವಾಕ್ಯಕ್ಕೆ ಏನೂ ಆಗಲಿಲ್ಲ, ಓದಿಸಿಕೊಂಡು ಹೋಗುತ್ತದೆ. ಅದೇ ಸಂಕಟ.

ಫೆಬ್ರವರಿ 12, ಎರ್ಬಿಲ್

ಮೂರು ವಾರವಾಯಿತು. ಹೋದಲ್ಲೆಲ್ಲ ಮರ್ಯಾದೆ. ಟ್ಯಾಕ್ಸಿಯವನೂ ನನ್ನ ಕುರ್ದಿ ಕೇಳಿ "ಸಾರ್, ನೀವು ಯಾವ ಹಳ್ಳಿಯವರು?" ಎನ್ನುತ್ತಾನೆ. ಹಿಂದಾಗಿದ್ದರೆ ಹಿಗ್ಗಿಹೋಗುತ್ತಿದ್ದೆ.

ಪ್ರೆಸ್ಸಿನವರು ಮತ್ತೆ ಬರೆದಿದ್ದಾರೆ. ಕೊನೆಯ ಪ್ರೂಫಿಗೆ ಸಹಿ ಹಾಕಿ ಕಳಿಸಿದರೆ ಪುಸ್ತಕ ಅಚ್ಚಿಗೆ ಹೋಗುತ್ತದೆ. ಮೇಜಿನ ಮೇಲೆ ಮಗುಚಿಟ್ಟಿದ್ದೇನೆ. ಆರ್ಪಿಕ್ ಅದರ ಮೇಲೆ ಹಣ್ಣಿನ ತಟ್ಟೆ ಇಟ್ಟಳು. ಬೇಕೆಂದೇ ಇಟ್ಟಳು ಎನಿಸುತ್ತದೆ. ಸಂಜೆ ತಟ್ಟನೆ ಕೇಳಿದಳು, "ಅಜ್ಜಿ ಹೇಳಿಸ್ತಿದ್ದ ಹೆಸರನ್ನ ನಮ್ಮ ಮೊಮ್ಮಗಳಿಗೆ ಏನಂತ ಹೇಳ್ತೀರಿ? ಒಬ್ಬ ಆಗಾ ಅಂತಾನಾ?"

ಅವಳ ಮೇಲೆ ಸಿಟ್ಟು ಬಂತು. ಸರಿಯಾಗಿ ಕೇಳಿದ್ದಕ್ಕೇ ಬಂತು.

ಮಾರ್ಚ್ 11, ಸೆರ್ಬೆಸ್ತ್ ಆಗಾನ ಮನೆ, ಮಧ್ಯಾಹ್ನ

ಅತಿಥಿಗಳ ಕೋಣೆ. ಮುದುಕಿ ನಮಾಜಿಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಬರೆಯಬೇಕು.

ಊಟಕ್ಕೆ ಕರೆದಿದ್ದ. ಈ ಸಲ ಬೇಡಿಕೆ ಹೊತ್ತು ಬಂದವನು ನಾನು, ಊಟವನ್ನೂ ಮುಟ್ಟುವಂತಿರಲಿಲ್ಲ. ಹೊಟ್ಟೆ ನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ರಾಜತಾಂತ್ರಿಕನ ಹೊಟ್ಟೆ, ಬೇಕಾದಾಗ ನೋಯುತ್ತದೆ. ಆಮೇಲೆ ಚಹಾ ಬಂತು. ಲೋಟ ಮುಂದಿಟ್ಟುಕೊಂಡು ಕೂತೆ.

"ಚಹಾ ಆರ್ತಿದೆ, ಸಾಹೇಬ್ರೇ" ಎಂದ ಸೆರ್ಬೆಸ್ತ್.

"ಆರಲಿ."

ಗೋಡೆಗೊರಗಿ ಕೂತಿದ್ದ ನೆಂಟರಿಷ್ಟರು ನನ್ನ ಲೋಟದತ್ತ ತಿರುಗಿದರು. ಅವನ ಮೀಸೆಯಡಿ ನಗು ಮಾಯವಾಯಿತು.

"ನನ್ನ ಮನೇಲಿ ನಾನು ಲೋಟ ಎತ್ತಿಕೊಟ್ಟದ್ದು ಮರೆವಿನಿಂದ" ಎಂದೆ. "ಆದ್ರೂ ಮಾತು ಮಾತೇ. ಮುರಿಯಲ್ಲ. ಅದನ್ನ ವಾಪಸ್ ಕೊಡಿ ಅಂತ ಬೇಡೋಕೆ ಬಂದಿದ್ದೀನಿ."

"ನಾನೊಂದು ಫೋನ್ ಮಾಡಿದ್ರೆ ನಾಳೆ ನೀವು ಯೆರೆವಾನಿನಲ್ಲಿ."

"ಗೊತ್ತು."

"ಕೊಡದಿದ್ರೆ?"

"ಕೊಡದಿದ್ರೆ ಚಹಾ ಇಲ್ಲೇ ಇರುತ್ತೆ. ಹೆಸರಿಲ್ಲದೆ ಪುಸ್ತಕ ಬರುತ್ತೆ. ಈ ಮನೆಯಿಂದ ಒಬ್ಬ ಅತಿಥಿ ಬರಿಗಂಟಲಲ್ಲಿ ಹೋದ ಅಂತ ಜನ ಅಂದುಕೊಳ್ತಾರೆ, ಅಷ್ಟೇ."

ಹೆದರಿಸಿದೆನೆ? ಹೌದು, ಹೆದರಿಸಿದೆ. ಅವರದೇ ಆಯುಧ.

ಆಗ ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದ ಮುದುಕಿ ತಲೆ ಎತ್ತಿದಳು. ಸೆರ್ಬೆಸ್ತನ ತಾಯಿ ಗುಲೇ, ಮಿಸ್ತೋ ಆಗಾನ ಸೊಸೆ. "ಯಾವ ಹೆಸರು? ಯಾರದ್ದು?" ಎಂದಳು. ಅವಳಿಗೆ ಯಾರೂ ಏನೂ ಹೇಳಿಯೇ ಇರಲಿಲ್ಲ. ನಾನು ಹೇಳಿದೆ. ಹಳ್ಳಿ, ಬಾವಿ, ಇಬ್ಬರು ಹುಡುಗರು.

"ಅಮ್ಮಾ, ನೀನು ಒಳಗೆ ಹೋಗು" ಎಂದ ಸೆರ್ಬೆಸ್ತ್.

"ನೀನು ಸುಮ್ನಿರು. ನಿನ್ನಜ್ಜ ಸಾಯೋವಾಗ ನೀನೆಲ್ಲಿದ್ದೆ? ತೊಟ್ಟಿಲಲ್ಲಿದ್ದೆ. ಬಾಯಿಗೆ ನೀರು ಬಿಟ್ಟೋಳು ನಾನು." ನನ್ನ ಕಡೆ ತಿರುಗಿದಳು. "ಹಲ್ಲು ಕಚ್ಚಿಕೊಂಡುಬಿಡ್ತಿದ್ದ ಮಗಾ. 'ಬಾವೀದಾ? ಬಾವೀದಾದ್ರೆ ಬೇಡ' ಅಂತಿದ್ದ. ದಿನಾ ಹೊಳೆಯಿಂದ ಹೊತ್ತು ತರ್ತಿದ್ದೆ. ಯಾಕೆ ಅಂತ ಈ ಮನೆ ಗಂಡಸರು ಒಬ್ಬರೂ ಕೇಳಲಿಲ್ಲ. ನಾನು ಕೇಳಿದೆ. ಅವನು ಹೇಳಿದ."

ಇಷ್ಟು ವರ್ಷ ಒಂದೇ ಕಡೆಯ ಸಾಕ್ಷಿ ಇಟ್ಟುಕೊಂಡು ಬರೆದವನು ನಾನು. ಇನ್ನೊಂದು ಕಡೆ ಇದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಳು ಬಂತು. ತಡೆಯಲಿಲ್ಲ.

ಮುದುಕಿ ಗೋಡೆ ಹಿಡಿದು ಎದ್ದು ಬಂದಳು. ನನ್ನ ಲೋಟದ ಆರಿದ ಚಹಾ ಚೆಲ್ಲಿದಳು. ಬಿಸಿಯಾಗಿ ಬಗ್ಗಿಸಿ ತನ್ನ ಕೈಯಾರೆ ನನ್ನ ಕೈಗಿಟ್ಟಳು.

"ಈ ಮನೆ ಒಲೆ ಇನ್ನೂ ನನ್ನದು. ಕುಡಿ."

ಸೆರ್ಬೆಸ್ತ್ ಎದ್ದು ಹೊರಗೆ ಹೋದ. ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾನೆ, ದನಿ ಏರಿದೆ. ಅದಾಗಲೇ ವಾರ್ದ್ಗೆಸನ ಕರೆ ಎರಡು ಸಲ ಬಂತು. ಎತ್ತಲಿಲ್ಲ. ಆರ್ಪಿಕ್‌ಗೆ ಮಾತ್ರ ಫೋನ್ ಮಾಡಿ ಹೇಳಿದೆ, ಪೆಟ್ಟಿಗೆ ಕಟ್ಟಲು ಶುರುಮಾಡು ಎಂದು. "ಆಗ್ಲೇ ಅರ್ಧ ಕಟ್ಟಿದ್ದೀನಿ" ಎಂದಳು.

ನಮಾಜು ಮುಗಿಯಿತು. ಕೋಲಿನ ಸದ್ದು. ಬಂದಳು. ಎದುರಿಗೇ ಕೂತಳು.

"ಬರೀತಿದ್ದೀಯಾ? ಹಾಗಾದ್ರೆ ಮೊದಲು ಹೆಸರು ಬರಿ, ಆಮೇಲೆ ಅವನು ಹೇಳಿದ್ದನ್ನೆಲ್ಲ ಹೇಳ್ತೀನಿ."

ಮಿಸ್ತೋ