ಅತ್ತೆಯ ಮಗನನ್ನು ವರಿಸಿದ ಕೊರಿಯಾದ ರಾಣಿ

ಮೆಟುಚೆನ್, ಮಾರ್ಚ್ 2009

ಭಾವ,

ಮದುವೆಯಾಗಿ ಇಷ್ಟು ವರ್ಷವಾದರೂ ನಿಮ್ಮನ್ನು ಬೇರೆ ಹೆಸರಿನಿಂದ ಕರೆಯಲು ನಾಲಿಗೆ ಹೊರಳುವುದಿಲ್ಲ. ಇಲ್ಲಿ ಈಗ ಅದೇ ದೊಡ್ಡ ಸುದ್ದಿ, ಕೇಳಿ.

ಮೊಮ್ಮಗಳು ಲಾಸ್ಯಾ ತನ್ನ ಕೊರಿಯನ್ ಗೆಳತಿಯ ಮಾತು ಕೇಳಿ, ಶಾಲೆಗೆ ಅವರ ಚೊನ್‌ಚು ರಾಣಿಯ ಪೋಸ್ಟರ್ ಮಾಡುತ್ತಿದ್ದಳು. ಸಾವಿರ ವರ್ಷದ ಹಿಂದಿನವಳು, ರಾಜವಂಶದಲ್ಲೇ ಹುಟ್ಟಿ ರಾಣಿಯಾದವಳು. ನಿನ್ನೆ ಲಾಸ್ಯಾ ಇದ್ದಕ್ಕಿದ್ದಂತೆ ಕತ್ತರಿ ಬಿಸಾಡಿ, “ಅಜ್ಜಿ, ಶೀ ಮ್ಯಾರೀಡ್ ಹರ್ ಕಸಿನ್! ಸೋ ಗ್ರೋಸ್! ಐ ನೀಡ್ ಎ ನ್ಯೂ ಕ್ವೀನ್” ಎಂದು ಕೂಗಿದಳು.

“ಯಾವ ಕಸಿನ್ನೇ?” ಎಂದೆ.

“ಹರ್ ಡ್ಯಾಡ್ಸ್ ಸಿಸ್ಟರ್ಸ್ ಸನ್.”

“ಅಂದ್ರೆ ಸೋದರತ್ತೆ ಮಗ. ನಿಮ್ಮ ತಾತಾನೂ ನಂಗೆ ಅದೇ ಆಗ್ಬೇಕು ಕಣೇ!”

ಹುಡುಗಿ ಅಪ್ಪನತ್ತ ತಿರುಗಿ, “ಈಸ್ ಇಟ್ ಟ್ರೂ?” ಎಂದಳು. ಅಳಿಯ ಸೂರಜ್ ನಗು ತಡೆಯಲಾರದೆ ಅಡುಗೆಮನೆಗೆ ಓಡಿದ. ಸಂಜೆಯ ಹೊತ್ತಿಗೆ ನಮ್ಮ ಮದುವೆಯ ಫೋಟೋ ರಾಣಿಯ ಪಕ್ಕದಲ್ಲೇ ಪೋಸ್ಟರ್ ಏರಿತ್ತು. ನಿಮ್ಮ ತಲೆಗೆ ಬಂಗಾರದ ಕಾಗದದ ಕಿರೀಟ ಬೇರೆ.

ಅಳಿಯನ ಬ್ಯಾಂಕಿನಲ್ಲಿ ಬಹಳ ಜನರನ್ನು ಲೇಆಫ್ ಮಾಡಿದ್ದಾರೆ, ಸದ್ಯ ಅವನ ಕೆಲಸ ಉಳಿದಿದೆ. ಈ ಕಾರ್ಡಿನ ಚಿತ್ರದಲ್ಲಿರುವ ಲಿಬರ್ಟಿ ಅಮ್ಮನನ್ನು ಚಳಿಗೆ ಹೆದರಿ ನಾನಿನ್ನೂ ನೋಡಿಲ್ಲ.

ಜಾಗ ಮುಗಿಯಿತು. ರಾಣಿಯನ್ನು ಮದುವೆಯಾದ ಆ ರಾಜ ಇಪ್ಪತ್ತಾರಕ್ಕೇ ತೀರಿಕೊಂಡನಂತೆ. ಮುಂದೆ ಮಗನಿಗೆ ಪಟ್ಟವಾದಾಗ ರಾಣಿಯೇ ರಾಜ್ಯ ಆಳಿದಳಂತೆ. ನನಗೆ ರಾಜ್ಯ ಬೇಡ. ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಸೋದರಮಾವನ ಮಗಳು,
ವಾರಿಜಾ